ದೊಡ್ಡವರ ಕೆಂಪು ಪೆನ್ಸಿಲ್

ಸಿಂಹಾಸನಗಳು ಉರುಳಿದ್ದು ಕ್ಷುಲ್ಲಕ ಕಾರಣಗಳಿಗೇ ಎಂದು ಬಲ್ಲವರು ಹೇಳುತ್ತಾರೆ. ಇಲ್ಲಿ ಉರುಳಿದ್ದು ಒಂದು ಪೆನ್ಸಿಲ್. ಕೆಂಪನೆಯದು, ದುಂಡನೆಯದು, ತುದಿಯಲ್ಲಿ ಹಲ್ಲಿನ ಗುರುತಿದ್ದದ್ದು.

ಆಸ್ಪತ್ರೆಯ ಬಿ.ಪಿ. ಯಂತ್ರಗಳನ್ನು ರಿಪೇರಿ ಮಾಡುವ ಆ ಕೋಣೆಯಲ್ಲಿ ಎರಡು ಮೇಜುಗಳಿದ್ದವು. ಕಿಟಕಿಯ ಪಕ್ಕದ್ದು, ಎಲ್ಲರೂ ದೊಡ್ಡವರು ಎಂದು ಕರೆಯುತ್ತಿದ್ದ ಹಿರಿಯ ಮೆಕ್ಯಾನಿಕ್‌ನದು. ಎದುರು ಮೂಲೆಯದು ಸಹಾಯಕನದು. ದೊಡ್ಡವರ ಪೆನ್ಸಿಲ್ ದಿನಕ್ಕೊಮ್ಮೆಯಾದರೂ ಕೆಳಗೆ ಬೀಳುತ್ತಿತ್ತು. ಬಿದ್ದಲ್ಲಿ ಬಿದ್ದಿರದೆ, ನೆಂಟರ ಮನೆ ಹುಡುಕಿಕೊಂಡು ಬಂದ ಹಾಗೆ ಸೀದಾ ಸಹಾಯಕನ ಕಾಲಬುಡಕ್ಕೆ ಬರುತ್ತಿತ್ತು.

"ಸ್ವಲ್ಪ ಎತ್ಕೊಡಪ್ಪಾ. ನಿನಗಾದ್ರೆ ಸೊಂಟ ಚೆನ್ನಾಗಿ ಬಗ್ಗುತ್ತೆ."

ಈ ಮಾತನ್ನು ಸಹಾಯಕ ವರ್ಷಗಟ್ಟಲೆ ನುಂಗಿದ್ದ. ದೊಡ್ಡವರು ಬೇಕೆಂದೇ ತನ್ನತ್ತ ಉರುಳಿಸುತ್ತಾರೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಿವೃತ್ತಿಯಾಗಬೇಕಿದ್ದ ಅವರಿಗೆ ಕೆಲಸದಲ್ಲಿ ಮುಂದುವರಿಯಲು ಅಪ್ಪಣೆ ಸಿಕ್ಕ ದಿನ, ಆ ಕಿಟಕಿ ಪಕ್ಕದ ಕುರ್ಚಿ ಇನ್ನು ಕಾದರೆ ಸಿಗುವುದಲ್ಲ ಎಂದು ಅವನು ತೀರ್ಮಾನಿಸಿದ.

ಆಯುಧ ಕೈಯಳತೆಯಲ್ಲೇ ಇತ್ತು. ಹಳೆಯ ಯಂತ್ರಗಳಿಂದ ತೆಗೆದ ಪಾದರಸ ಕಪಾಟಿನ ಬಾಟಲಿಗಳಲ್ಲಿತ್ತು; ಕಪಾಟಿನ ಕೀಲಿ ಅವನೊಬ್ಬನ ಜೇಬಿನಲ್ಲಿ. ಕೊಲ್ಲುವ ದುರಾಸೆಯೇನೂ ಅವನಿಗಿರಲಿಲ್ಲ. ಪಾದರಸದ ಆವಿಯನ್ನು ತಿಂಗಳುಗಟ್ಟಲೆ ಉಸಿರಾಡಿದವನಿಗೆ ಕೈ ನಡುಗುತ್ತದೆ, ಮರೆವು ಹತ್ತುತ್ತದೆ, ಸಿಡುಕು ಹೆಚ್ಚುತ್ತದೆ. ಕೈ ನಡುಗುವ ಮೆಕ್ಯಾನಿಕ್‌ನನ್ನು ಯಾರು ಇಟ್ಟುಕೊಳ್ಳುತ್ತಾರೆ? ವಯಸ್ಸಾಯಿತು ಎಂದು ಕೈಕುಲುಕಿ ಮನೆಗೆ ಕಳಿಸುತ್ತಾರೆ. ಅಪರಾಧಿ ಯಾರು? ಮುದಿತನ. ಮುದಿತನವನ್ನು ಹಿಡಿದು ಜೈಲಿಗೆ ಹಾಕಿದವರುಂಟೆ?

ಚಳಿಗಾಲ ಬಂತು. ಕಿಟಕಿ ಮುಚ್ಚಿತು. ದೊಡ್ಡವರ ಮೇಜಿನ ಕೆಳಗೆ ಹೀಟರ್ ಬಂತು. ಅಲ್ಲೇ ಎರಡು ನೆಲಗಲ್ಲುಗಳ ನಡುವೆ ಉದ್ದನೆಯ ಸಂದಿತ್ತು. ಅವರು ಊಟಕ್ಕೆ ಎದ್ದುಹೋದಾಗ ಸಹಾಯಕ ಅದಕ್ಕೆ ಪಾದರಸ ಸುರಿದ. ಅದು ಬೆಳ್ಳಿಯ ಹುಳುವಿನಂತೆ ಒಳಕ್ಕೆ ನುಸುಳಿತು. ಕೆಲವು ದಿನ ಬಿಟ್ಟು ನೋಡಿದರೆ ಸಂದು ಖಾಲಿ. ಪೂರ್ತಿ ಆವಿಯಾಗಿ ದೊಡ್ಡವರ ಎದೆಗೇ ಸೇರಿತಲ್ಲ ಎಂದು ಹಿಗ್ಗಿ, ಮತ್ತೆ ಸುರಿದ. ಮತ್ತೆ ಖಾಲಿ. ಮತ್ತೆ ಸುರಿದ. ತಾನು ಮಾತ್ರ ದೂರದ ಮೂಲೆಯಲ್ಲಿ, ದಪ್ಪ ನಾರಿನ ಮ್ಯಾಟಿನ ಮೇಲೆ ಕಾಲಿಟ್ಟುಕೊಂಡು ಸುರಕ್ಷಿತವಾಗಿ ಕೂತ.

ಫಲ ಕಾಣತೊಡಗಿತು. ದೊಡ್ಡವರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಕೋಣೆಯೆಲ್ಲ ಕನ್ನಡಕ ಹುಡುಕಿದರು. ಮರೆವು! ಅವರು ಮೊದಲಿನಿಂದಲೂ ಹಾಗೇ ಹುಡುಕುತ್ತಿದ್ದರೆಂಬುದನ್ನು ಸಹಾಯಕ ಲೆಕ್ಕಕ್ಕೆ ಹಿಡಿಯಲಿಲ್ಲ. ಟೀ ತಣ್ಣಗಿದೆ ಎಂದು ರೇಗಿದರು. ಸಿಡುಕು! ಪೆನ್ಸಿಲ್ ಎಂದಿನಂತೆ ಕೈಜಾರಿ ಬಿತ್ತು. ನಡುಕ! ಅವರ ಕೆನ್ನೆ ತುಂಬಿಕೊಂಡದ್ದೂ ಅವನ ಕಣ್ಣಿಗೆ ಬಾವಿನಂತೆಯೇ ಕಂಡಿತು.

ಗೆಲುವಿನ ಆತುರಕ್ಕೋ ಏನೋ, ಅವನಿಗೇ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಬಾಯಲ್ಲಿ ತಾಮ್ರದ ಚೂರು ಇಟ್ಟುಕೊಂಡಂಥ ರುಚಿ.

"ಕಾಫಿ ಪಾತ್ರೆ ನೆಟ್ಟಗೆ ತೊಳಿಯೋಕೆ ಬರಲ್ವಾ ನಿನಗೆ?" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ಪಾತ್ರೆ ತೊಳೆದಿದೀನಿ, ನಿಮ್ಮ ನಾಲಿಗೆ ತೊಳ್ಕೊಳ್ಳಿ. ಈಚೀಚೆಗೆ ಬಾಯಿಬಿಟ್ರೆ ಬೆಂಕಿ." ಆಮೇಲೆ ಅವಳ ದನಿ ತಗ್ಗಿತು. "ರೀ, ಲೋಟ ಹಿಡಿದಿರೋ ಕೈ ಯಾಕೆ ಹಾಗೆ ನಡುಗ್ತಿದೆ? ಯಾರಿಗಾದ್ರೂ ತೋರಿಸ್ರೀ."

"ಚಳಿ ಕಣೇ. ಸುಮ್ನಿರು."

ಹಣ್ಣು ಮಾಗಿದೆ, ಕೀಳುವುದೊಂದೇ ಬಾಕಿ ಎನಿಸಿದಾಗ ಅವನೇ ಹೋಗಿ ಆಸ್ಪತ್ರೆಯ ಡಾಕ್ಟರಮ್ಮನ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ನಿಂತ. "ದೊಡ್ಡವರಿಗೆ ಯಾಕೋ ಕೈ ನಡುಗುತ್ತೆ ಮೇಡಂ. ನೋಡೋಕೆ ಹೊಟ್ಟೆ ಉರಿಯುತ್ತೆ. ಒಂದ್ಸಲ ಬಂದು ನೋಡ್ತೀರಾ?"

ಡಾಕ್ಟರಮ್ಮ ಬಂದರು. "ಹೇಗೂ ಬಂದಿದೀನಿ, ಇಬ್ಬರೂ ಕೈ ಚಾಚಿ," ಎಂದರು.

ದೊಡ್ಡವರ ಕೈ ಗೋಡೆಗೆ ಹೊಡೆದ ಗೂಟದಂತೆ ನಿಂತಿತು. ಸಹಾಯಕನ ಕೈ ಗಾಳಿಗೆ ಸಿಕ್ಕ ತರಗೆಲೆ. ಡಾಕ್ಟರಮ್ಮ ಅವನ ಬಾಯಿ ತೆರೆಸಿ ಒಸಡು ನೋಡಿದರು, ನಿದ್ದೆಯ ಬಗ್ಗೆ ಕೇಳಿದರು, ಕಪಾಟಿನ ಬಾಟಲಿಗಳತ್ತ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಅವನ ಮೇಜಿನ ಹತ್ತಿರ ಹೋಗಿ ಕಾಲ ಕೆಳಗಿನ ಮ್ಯಾಟನ್ನು ಎತ್ತಿದರು.

ಅಲ್ಲಿನ ತಗ್ಗಿನಲ್ಲಿ ಒಂದು ಬಟ್ಟಲು ತುಂಬುವಷ್ಟು ಪಾದರಸ ಕನ್ನಡಿಯಂತೆ ಹೊಳೆಯುತ್ತಿತ್ತು. "ಇಲ್ಲಿಗೆ ಹೇಗೆ ಬಂತು ಇದು?" ಎಂದರು ಡಾಕ್ಟರಮ್ಮ. "ಈ ನೆಲಾನೇ ಓರೆ," ಎಂದರು ದೊಡ್ಡವರು, "ಹಿಂದೆ ಬಾಟಲಿ ತೊಳೆಯೋ ಕೋಣೆ ಇದು, ನೀರು ಹೋಗೋ ತೂತು ಅಲ್ಲೇ ಇತ್ತು, ಆಮೇಲೆ ಮುಚ್ಚಿಸಿದ್ರು. ನನ್ನ ಕಡೆಯಿಂದ ಏನು ಬಿದ್ರೂ ಸೀದಾ ಇವನ ಕಾಲಿಗೇ ಹೋಗೋದು. ಬೇಕಾದ್ರೆ ನೋಡಿ." ಅವರು ಪೆನ್ಸಿಲನ್ನು ನೆಲಕ್ಕೆ ಬಿಟ್ಟರು. ಅದು ಆ ಸಂದಿನ ಗುಂಟವೇ ಉರುಳಿ ಬಂದು ತಗ್ಗಿನ ಅಂಚಿಗೆ ನಿಂತಿತು. ಕಪಾಟಿನ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಡಾಕ್ಟರಮ್ಮ ಕೇಳುತ್ತಿದ್ದರು. ಅಭ್ಯಾಸಬಲದಿಂದ ಸಹಾಯಕ ಬಗ್ಗಿದ. ಮತ್ತೆ ಮತ್ತೆ ಪ್ರಯತ್ನಿಸಿದರೂ ಪೆನ್ಸಿಲ್ ಅವನ ಬೆರಳಿಗೆ ಸಿಗಲಿಲ್ಲ. ಕೊನೆಗೆ ದೊಡ್ಡವರೇ ಬಂದು ಎತ್ತಿಕೊಂಡರು.