ಬೂಟು ಬಿಚ್ಚದ ಸಿಂಹ

"ಬೂಟು ಬಿಚ್ಚಿ," ಅಂದೆ.

"ಯಾಕೆ?" ಅಂದ.

ಯಾಕೆ ಅಂತೆ! ನಮ್ಮ ಕರಿಯರ ಬಡಾವಣೆ ಹೈಫೀಲ್ಡಿನ ಮೈದಾನದಲ್ಲಿ ಅವತ್ತು ಸಾವಿರಾರು ಜನ ಬರಿಗಾಲಲ್ಲಿ ಕೂತಿದ್ದರು. ಬಿಳಿಯರ ಸರಕನ್ನೆಲ್ಲ ಬಾಗಿಲಲ್ಲೇ ಬಿಟ್ಟು ಬನ್ನಿ ಎಂದು ನಮ್ಮ ಸ್ವಾತಂತ್ರ್ಯದ ಪಕ್ಷ ಹೇಳಿತ್ತು. ಬೂಟು, ಟೈ, ಕೈಗಡಿಯಾರ, ಎಲ್ಲ. ಕುಡಿಯಲು ಮಡಕೆಯ ನೀರು. ಬೂಟು ಕಾಯುವ ಕೆಲಸ ನನ್ನದು. ನನ್ನ ಹಿಂದೆ ಬೂಟುಗಳ ಗುಡ್ಡೆ, ಮುಂದೆ ಈ ಮಹಾಶಯ. ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕಪ್ಪು ಬೂಟು, ಬೂದು ಟೈ. ಪ್ಯಾಂಟಿನ ಇಸ್ತ್ರಿ ಗೆರೆಯಲ್ಲಿ ಈರುಳ್ಳಿ ಹೆಚ್ಚಬಹುದಿತ್ತು.

"ನಾವು ಯಾರು ಅಂತ ತೋರಿಸೋಕೆ," ಅಂದೆ.

"ಬೂಟು ಹಾಕ್ಕೊಂಡೇ ತೋರಿಸ್ತೀನಿ. ನಾನು ದುಡಿದು ತಗೊಂಡಿದ್ದು ಇದು. ಬಿಳಿಯರು ದಾನ ಕೊಟ್ಟಿದ್ದಲ್ಲ."

"ಓಹೋ, ಭಾನುವಾರ ಬಿಳಿಯರ ಮನೇಲಿ ಕೂತು ಟೀ ಕುಡೀತಾ ಸ್ವಾತಂತ್ರ್ಯ ಕೇಳ್ತಾರಲ್ಲ, ಆ ಗುಂಪಿನೋರಾ ನೀವು?"

"ಹೌದು. ಬಿಸ್ಕತ್ತೂ ಕೊಡ್ತಾರೆ."

ನಗು ತಡೆಯಲು ತುಟಿ ಕಚ್ಚಿಕೊಂಡೆ. ನಮ್ಮಲ್ಲಿ ಕುಲಕ್ಕೊಂದು ಪ್ರಾಣಿ. "ಯಾವ ಕುಲ ನಿಮ್ಮದು?"

"ಸಿಂಹ."

"ಬೂಟು ಹಾಕ್ಕೊಂಡಿರೋ ಸಿಂಹಾನ ಇವತ್ತೇ ನೋಡ್ತಿರೋದು!"

"ನಿಮ್ಮದು?"

"ಕೋತಿ."

"ಅದಕ್ಕೇ ಕಂಡೋರ ಸಾಮಾನಿನ ಮೇಲೆ ಕಣ್ಣು," ಅಂದು ಒಂದೇ ಒಂದು ಹುಬ್ಬು ಮೇಲಕ್ಕೆತ್ತಿದ.

ಬೂಟು ಬಿಚ್ಚಲಿಲ್ಲ. ಆದರೆ ಹೊರಟೂ ಹೋಗಲಿಲ್ಲ. ಮೈದಾನದ ಸುತ್ತ ಕಟ್ಟಿದ್ದ ಹಗ್ಗದ ಆಚೆ, ಸುಡುಬಿಸಿಲಲ್ಲಿ, ಸಭೆ ಮುಗಿಯುವವರೆಗೂ ನಿಂತೇ ಕೇಳಿದ. ಒಳಗೆ ಬರಲೊಲ್ಲ, ಬಿಟ್ಟು ಹೋಗಲೊಲ್ಲ, ಎಂಥ ಪ್ರಾಣಿ ಇದು ಎಂದು ನೋಡುತ್ತಲೇ ಇದ್ದೆ. ವೇದಿಕೆಯ ಮೇಲೆ ಯಾರು ಏನು ಮಾತಾಡಿದರೋ, ಆಣೆ ಹಾಕಿ ಕೇಳಿದರೂ ನನಗೆ ನೆನಪಿಲ್ಲ.

ಮುಂದಿನ ವಾರ ನಮ್ಮ ಜಗಲಿಗೇ ಬಂದ. ಅಲ್ಲಿ ನನ್ನ ಹೊಲಿಗೆ ಮಷೀನು ಇತ್ತು. ಅಂಗಿಯ ಗುಂಡಿ ಬಿದ್ದಿದೆ ಎಂದ. ಬಿದ್ದಿರಲಿಲ್ಲ, ಕಿತ್ತುಕೊಂಡಿದ್ದ. ದಾರದ ತುದಿ ನೋಡಿದರೆ ನನಗೆ ಗೊತ್ತಾಗುವುದಿಲ್ಲವೇ!

ಹೆಸರು ಎನಾಕ್. ಕೋರ್ಟಿನಲ್ಲಿ ದುಭಾಷಿ.

"ಸಾಹೇಬರು ಇಂಗ್ಲಿಷಲ್ಲಿ ಗೊಣಗ್ತಾರೆ, ನಾನು ನಮ್ಮ ಭಾಷೇಲಿ ಗಟ್ಟಿಯಾಗಿ ಹೇಳ್ತೀನಿ. ಅಷ್ಟೇ."

"ಶಿಕ್ಷೇನೂ?"

"ಶಿಕ್ಷೇನೂ. ಅದು ನನ್ನ ಮಾತಲ್ಲವಲ್ಲ, ಸೆಕಾಯಿ."

ಆಮೇಲೆ ವಾರಕ್ಕೊಂದು ಗುಂಡಿ ಬೀಳತೊಡಗಿತು. ನನ್ನನ್ನು ಸಾಕಿದ ಸೋದರತ್ತೆ ಕೆರೆಸೆನ್ಸಿಯಾ ಹಿತ್ತಲಿನಿಂದಲೇ ಕೂಗುತ್ತಿದ್ದಳು: "ಏನಪ್ಪಾ ಸಿಂಹ, ನಾಳೆ ಅಳಿಯ ಅಂತ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಚಪ್ಪಾಳೆ ತಟ್ಟಬೇಕಾಗತ್ತೆ. ಆ ಇಸ್ತ್ರಿ ಏನಾಗಬೇಕು?"

"ಮೊದಲು ನಿಮ್ಮ ಕೋತಿ ಒಪ್ಪಲಿ, ಅತ್ತೆ!"

ನಮ್ಮಲ್ಲಿ ಪ್ರೀತಿ ಮಾತಿನಲ್ಲಿ ನಿಲ್ಲುವುದಿಲ್ಲ. ಅವನದೊಂದು ವಸ್ತು, ಅವಳದೊಂದು ವಸ್ತು, ಎರಡೂ ಸೋದರತ್ತೆಯ ಕೈ ದಾಟಬೇಕು. ಎನಾಕ್ ತನ್ನ ಕೈಗಡಿಯಾರ ಬಿಚ್ಚಿ ಅತ್ತೆಗೆ ಚಾಚಿದ ದಿನ ನಾನೇ ಅಡ್ಡ ಹಾಕಿದೆ.

"ಗಡಿಯಾರ ಬೇಡ. ಬೂಟು ಬಿಚ್ಚಿ ಹಗ್ಗದ ಒಳಗೆ ಬರಲಿ. ಆಮೇಲೆ ನೋಡೋಣ."

ಅವನ ಮುಖ ಸಣ್ಣದಾಯಿತು. "ಕೂಗಾಡಿದ್ರೆ ಏನು ಸಿಗತ್ತೆ, ಸೆಕಾಯಿ? ಕೇಳೋ ಹಾಗೆ ಕೇಳಿದ್ರೆ ಕೊಡ್ತಾರೆ. ಅವರಲ್ಲೂ ಒಳ್ಳೆಯವರಿದ್ದಾರೆ."

"ಟೀ ಆರೋಗುತ್ತೆ, ಹೋಗಿ," ಅಂದೆ. ಹೋದ. ಬೀದಿಯ ತಿರುವಿನವರೆಗೂ ನೋಡುತ್ತ ನಿಂತೆ, ಆದರೂ ಹಟ ಬಿಡಲಿಲ್ಲ.

ಅಷ್ಟರಲ್ಲಿ ಸರ್ಕಾರ ಪಕ್ಷವನ್ನೇ ನಿಷೇಧಿಸಿತು. ಬೀದಿಯಲ್ಲಿ ಕಲ್ಲು, ಅಶ್ರುವಾಯು. ಎನಾಕ್ ಮಾತ್ರ ಕೂತು ಚೆಂದದ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದ. ನಿಷೇಧ ತೆಗೆಯಿರಿ, ನಾವು ಶಾಂತಿಯಿಂದ ಇರುವ ಜನ ಎಂದು. ನಮ್ಮ ಜಗಲಿಗೆ ತಂದು ತೋರಿಸಿದ. ಒಯ್ದು ಕೊಡುವವರು ಯಾರು? ತಾನು ಸರ್ಕಾರಿ ನೌಕರ, ಹೋದರೆ ಕೆಲಸ ಹೋಗುತ್ತದೆ.

"ನಾವು ಚರ್ಚಿನ ಹೆಂಗಸರು ಹೋಗ್ತೀವಿ," ಅಂದಳು ಅತ್ತೆ.

"ಅತ್ತೆ, ನಿಮಗೇನಾದ್ರೂ ತಲೆ ಕೆಟ್ಟಿದೆಯಾ?" ಅಂದೆ ನಾನು.

"ಸುಮ್ನಿರೇ. ನಿನ್ನ ದಾರಿ ನೋಡಿದ್ದಾಯ್ತು, ಅವನ ದಾರೀನೂ ಒಂದ್ಸಲ ನೋಡೋಣ."

ಚರ್ಚಿನ ಕೆಂಪು ರವಿಕೆ, ಬಿಳಿ ಟೋಪಿ ತೊಟ್ಟು ಹೆಂಗಸರು ಹಾಡು ಹೇಳುತ್ತ ನಡೆದರು. ಸರ್ಕಾರಿ ಕಚೇರಿಯ ಮೆಟ್ಟಿಲ ಮೇಲೆಯೇ ಪೊಲೀಸರು ಎಲ್ಲರನ್ನೂ ವ್ಯಾನಿಗೆ ತುಂಬಿದರು. ಅರ್ಜಿಯನ್ನು ಯಾರೂ ಕೈಗೆ ತೆಗೆದುಕೊಳ್ಳಲೇ ಇಲ್ಲವಂತೆ. ಕೆಳಗೆ ಬಿದ್ದು ಕಾಲಡಿಗೆ ಸಿಕ್ಕಿತಂತೆ.

ವಿಚಾರಣೆಯ ದಿನ ನಾನು ಕೋರ್ಟಿನ ಹಿಂದಿನ ಬೆಂಚಿನಲ್ಲಿದ್ದೆ. ಕಟಕಟೆಯಲ್ಲಿ ಅತ್ತೆ. ಪಕ್ಕದಲ್ಲಿ, ಟೈ ಬೂಟಿನಲ್ಲಿ, ಎನಾಕ್. ಅವನು ನನ್ನತ್ತ ನೋಡಲಿಲ್ಲ.

ಸಾಹೇಬರು ಕಾಗದ ನೋಡುತ್ತಲೇ ಏನೋ ಗೊಣಗಿದರು. ಕೋರ್ಟು ಕಾಯಿತು. ಎನಾಕ್ ಬಾಯಿ ತೆರೆದ, ಮುಚ್ಚಿದ.

"ದುಭಾಷಿ?" ಅಂದರು ಸಾಹೇಬರು.

"ಮೂರು ತಿಂಗಳು ಜೈಲು," ಅಂದ ಎನಾಕ್. ಅವನ ದನಿ ಒಡೆದಿತ್ತು. ಸಾಹೇಬರ ಗೊಣಗಾಟ ಹಿಂದಿನ ಬೆಂಚಿಗೆ ಕೇಳಿರಲಿಲ್ಲ. ನಮಗೆಲ್ಲ ಕೇಳಿದ್ದು ಇವನ ದನಿ ಒಂದೇ.

ಅತ್ತೆ ಅವನನ್ನೇ ನೋಡಿದಳು. ಬೈಯುತ್ತಾಳೆ, ಉಗಿಯುತ್ತಾಳೆ ಅಂದುಕೊಂಡೆ. ಅವಳು ಎರಡೂ ಅಂಗೈ ಬೊಗಸೆ ಮಾಡಿ, ಮೆಲ್ಲಗೆ ಚಪ್ಪಾಳೆ ತಟ್ಟಿದಳು, ಮನೆಗೆ ಬಂದ ನೆಂಟರಿಗೆ ತಟ್ಟುವ ಹಾಗೆ.

"ಚೆನ್ನಾಗಿದ್ದೀಯಾ, ಅಳಿಯ? ನಿನ್ನ ಕಾಗದ ಕೊಡೋಕಾಗ್ಲಿಲ್ಲಪ್ಪ. ಬೇಜಾರು ಮಾಡ್ಕೋಬೇಡ."

ಎನಾಕ್, ದೇವರೇ, ಆ ತುಂಬಿದ ಕೋರ್ಟಿನಲ್ಲಿ, ಇಸ್ತ್ರಿ ಪ್ಯಾಂಟಿನಲ್ಲೇ ಕುಕ್ಕರುಗಾಲಲ್ಲಿ ಕೂತ. ತಲೆ ತಗ್ಗಿಸಿ, ಅತ್ತೆಯ ಕಡೆ ಚಪ್ಪಾಳೆ ತಟ್ಟಿದ.

"ಏಳು! ಏನಿದು?" ಸಾಹೇಬರು ಮೇಜು ಗುದ್ದಿದರು. ಅವನು ಏಳಲಿಲ್ಲ. ಅತ್ತೆಯನ್ನು ಕರೆದೊಯ್ಯುವವರೆಗೂ ತಟ್ಟುತ್ತಲೇ ಇದ್ದ. ನಾನು ಬೆಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಅವತ್ತೇ ಅವನ ಕೆಲಸ ಹೋಯಿತು. ಆಮೇಲೆ ಎಷ್ಟೋ ದಿನ ಅವನ ಸುಳಿವೇ ಇಲ್ಲ.

ಒಂದು ಮುಂಜಾನೆ ಮಷೀನಿನ ಮುಂದೆ ಕೂತಿದ್ದೆ. ಬರಿಗಾಲಲ್ಲಿ ಬಂದು ನಿಂತ. ಟೈ ಇಲ್ಲ, ಅಂಗಿಯ ಗುಂಡಿಗಳೆಲ್ಲ ಇದ್ದವು. ಎರಡೂ ಬೂಟು ಕೈಯಲ್ಲಿ.

"ಬಿಚ್ಚಿದೆ," ಅಂದ.

ಎಷ್ಟು ದಿನದಿಂದ ಕಾದಿದ್ದೆ ಆ ಮಾತಿಗೆ! ಕೇಳಿದಾಗ ಯಾಕೋ ಭಯವಾಯಿತು.

"ಎಲ್ಲಿಗೆ ಹೊರಟಿದ್ದೀಯ?"

"ಗಡಿಯ ನದಿಯಾಚೆ. ಹುಡುಗರು ಹೋಗ್ತಿದ್ದಾರೆ."

"ಬರಿಗಾಲಲ್ಲೇ?"

"ಅಲ್ಲಿ ಬೇರೆ ಬೂಟು ಕೊಡ್ತಾರಂತೆ."

ಬಂದೂಕಿನ ಜೊತೆ ಕೊಡುವ ಬೂಟು ಅದು ಎಂದು ನನಗೆ ಗೊತ್ತಿತ್ತು.

"ಎನಾಕ್, ಒಂದು ಹೇಳು. ಯಾವಾಗ ಬದಲಾದೆ? ಅತ್ತೇನ ಹಿಡಿದಾಗಲಾ? ಶಿಕ್ಷೆ ಹೇಳಿದಾಗಲಾ?"

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ತಾನೂ ಅದನ್ನೇ ಹುಡುಕುತ್ತಿರುವವನಂತೆ ಕಂಡ.

"ಗೊತ್ತಿಲ್ಲ ಕಣೇ. ಅತ್ತೆ ನನ್ನನ್ನ ಬೈದಿದ್ರೆ ಬಹುಶಃ ಇವತ್ತೂ ಕೋರ್ಟಿಗೆ ಹೋಗ್ತಿದ್ದೆ. ಬೇಜಾರು ಮಾಡ್ಕೋಬೇಡ ಅಂದುಬಿಟ್ರಲ್ಲ..." ಅವನು ಬೂಟುಗಳನ್ನು ನನ್ನ ಪಾದದ ಬಳಿ ಇಟ್ಟ. "ನೀನು ಕೇಳಿದ ಹಾಗೆ ಹಗ್ಗದೊಳಗೆ ಬಂದಿದ್ದೀನಿ. ಈಗ ಒಪ್ತೀಯಾ?"

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. "ದಡ್ಡ! ನಾನು ಇಷ್ಟಪಟ್ಟಿದ್ದು ಬೂಟು ಬಿಚ್ಚದೆ ಬಿಸಿಲಲ್ಲಿ ನಿಂತಿದ್ದನಲ್ಲ, ಅವನನ್ನ. ಮೊದಲ ದಿನದಿಂದ್ಲೂ ಅವನನ್ನೇ!"

ಅವನ ಒಂದು ಹುಬ್ಬು ಮೇಲೆದ್ದಿತು. "ಮುಂಚೇನೇ ಹೇಳಬಾರದಿತ್ತಾ, ಕೋತಿ?"

"ಹೇಳಿದ್ರೆ ಹೋಗ್ತಿರಲಿಲ್ವಾ?"

"ಹೋಗ್ತಿದ್ದೆ," ಅಂದ ಮೆಲ್ಲಗೆ. "ನಿನಗೋಸ್ಕರ ಹೋಗ್ತಿಲ್ಲ ನಾನು."

ನೋವಾಯಿತು. ಆದರೂ ನನ್ನ ಮಾತಿಗೆ ಹೊರಟಿದ್ದರೆ ಇನ್ನೂ ನೋವಾಗುತ್ತಿತ್ತು. ತಲೆವಸ್ತ್ರ ಬಿಚ್ಚಿ ಅವನ ಕೈಗಿಟ್ಟೆ. ಅವನು ಅದನ್ನು ಮಡಿಸಿ, ಮಡಿಕೆ ಸರಿಯಾಗಿಲ್ಲವೆಂದು ಬಿಚ್ಚಿ ಮತ್ತೆ ಮಡಿಸಿ, ಅಂಗಿಯ ಒಳಗಿಟ್ಟುಕೊಂಡ. ಅವನು ಹೋದ ಮೇಲೆ ಬೂಟು ಎತ್ತಿಕೊಂಡೆ. ಕೊಡುವ ಮುನ್ನ ಪಾಲಿಶ್ ಮಾಡಿ ತಂದಿದ್ದ.

ಜೈಲಿನಿಂದ ಅತ್ತೆ ಅರ್ಧವಾಗಿ ಬಂದಳು. ಬಾಗಿಲ ಬಳಿ ಬೂಟು ನೋಡಿ ಮುಖ ಅರಳಿತು.

"ಅಳಿಯ ಒಳಗಿದ್ದಾನಾ?"

"ಇಲ್ಲ ಅತ್ತೆ. ನದಿ ದಾಟಿದ."

ಅವಳು ನೀರೂ ಕೇಳದೆ ಮೆಟ್ಟಿಲ ಮೇಲೆ ಕೂತು, ಬೂಟುಗಳನ್ನು ಮಡಿಲಿಗೆ ಎತ್ತಿಕೊಂಡಳು. "ನೀನೇನು ಕೊಟ್ಟೆ?"

"ತಲೆವಸ್ತ್ರ."

"ನನ್ನ ಕೈ ದಾಟದೆ? ಹಾಗೆಲ್ಲ ನಡೆಯಲ್ಲ. ನನ್ನೆದುರು ಬಾಯಿಬಿಟ್ಟು ಹೇಳು."

"ಕೊಟ್ಟೆ ಅತ್ತೆ. ನಂಗೆ ಅವನೇ ಬೇಕು. ಹೇಗೆ ಬಂದರೂ ಅವನೇ."

ಅತ್ತೆ ಬೂಟುಗಳನ್ನು ಕೆಳಗಿಟ್ಟಳು. ನಾನು ಅವುಗಳ ತುದಿಯನ್ನು ಬೀದಿಯ ಕಡೆಗೆ ಇಟ್ಟಿದ್ದೆ. ಅವಳು ಒಳಮುಖವಾಗಿ ತಿರುಗಿಸಿದಳು, ಈಗಷ್ಟೇ ಯಾರೋ ಮನೆಯೊಳಗೆ ಬಂದ ಹಾಗೆ. ಆಮೇಲೆ ಬೊಗಸೆಗೈಯಲ್ಲಿ ಅವುಗಳಿಗೆ ಮೆಲ್ಲಗೆ ಚಪ್ಪಾಳೆ ತಟ್ಟಿದಳು.

ಅವತ್ತಿನಿಂದ ಬೂಟು ಅಲ್ಲೇ, ಹಾಗೇ ಇದೆ. ಪಾಲಿಶ್ ನಾನೇ ಮಾಡುತ್ತೇನೆ.