ಬಿಳಿ ತಾರಸಿಯ ಮೇಲೆ ಅವನ ಹೆಜ್ಜೆ

"ಏಯ್! ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ರೆ ಕಾಲು ಮುರೀತೀನಿ!"

ಝಂಖನಾ ಕೂಗಿದ ರಭಸಕ್ಕೆ ಓಣಿಯ ಪಾರಿವಾಳಗಳೆಲ್ಲ ಹಾರಿಹೋದವು. ಆದರೆ ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಪಕ್ಕದ ತಾರಸಿಯಿಂದ ಜಿಗಿದ ಆ ಮಹಾನುಭಾವ, ಅವಳು ಬೆಳಗಿನಿಂದ ಬೆನ್ನು ಬಗ್ಗಿಸಿ ಬಳಿದಿದ್ದ ಹಸಿ ಬಿಳಿ ಬಣ್ಣದ ಮೇಲೆ ಬೂಟುಗಾಲಲ್ಲಿ ನಿಂತಿದ್ದ!

ಅಹಮದಾಬಾದಿನ ಹಳೇ ಪೋಳಿನಲ್ಲಿ, ಆ ಇಕ್ಕಟ್ಟು ಕೇರಿಯಲ್ಲಿ, ಮನೆಗಳು ಒಂದಕ್ಕೊಂದು ಅಂಟಿಕೊಂಡೇ ನಿಂತಿರುತ್ತವೆ. ತಾರಸಿಯಿಂದ ತಾರಸಿಗೆ ಜಿಗಿಯುವುದು ಅಲ್ಲಿ ಯಾರಿಗೂ ತಪ್ಪೆನಿಸುವುದಿಲ್ಲ. ಆದರೂ ಇವತ್ತೇ ಜಿಗಿಯಬೇಕೇ? ಇಲ್ಲಿಗೇ ಜಿಗಿಯಬೇಕೇ?

"ಕ್ಷಮಿಸಿ ಬೇನ್... ಕೆಳಗೆ ಬಾಗಿಲು ಬಡಿದೆ, ಯಾರೂ ತೆಗೀಲಿಲ್ಲ. ನಾನು ಮೌಲಿಕ್. ಪಾಲಿಕೆ ವಾರ್ಡಿನಿಂದ ಬಿಸಿ ಅಳೆಯೋ ಡಬ್ಬಿ ಹಚ್ಚೋಕೆ ಬಂದಿದ್ದೀನಿ."

"ಓಹೋ! ಮೌಲಿಕ್‌ಭಾಯ್, ಮೊದಲು ನನ್ನ ತಲೆ ಬಿಸಿ ಎಷ್ಟಿದೆ ಅಳೀರಿ!"

ಅವನು ನಕ್ಕುಬಿಟ್ಟ. ಒಂದು ಕಾಲು ಎತ್ತಿಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ ಕೊಕ್ಕರೆಯ ಹಾಗೆ ನಿಂತಿದ್ದವನನ್ನು ನೋಡಿ ಝಂಖನಾಗೂ ನಗು ಬಂತು. ಆದರೆ ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ಅವಳು ಝಂಖನಾ ಹೇಗಾದಾಳು!

ಅವಳ ಸಿಟ್ಟಿಗೆ ಕಾರಣವಿತ್ತು. ಹೋದ ಬೇಸಿಗೆಯಲ್ಲಿ ಇದೇ ತಾರಸಿಯ ಕೆಳಗಿನ ಕೋಣೆಯಲ್ಲಿ ಅವಳ ಸೋದರತ್ತೆ ಭಾನುಫೋಯಿ ಹೊಲಿಗೆ ಯಂತ್ರದ ಮುಂದೆಯೇ ಮೂರ್ಛೆ ಬಿದ್ದಿದ್ದಳು. ತಾಯಿಯಿಲ್ಲದ ಝಂಖನಾಳನ್ನು ಸಾಕಿ, ಕಟ್ಟಡ ವಿನ್ಯಾಸ ಓದಿಸಿದವಳು ಆ ಫೋಯಿ. ಪೋಳಿನ ಅರ್ಧದಷ್ಟು ಹೆಂಗಸರು ಇಂಥ ಬೇಯುವ ಕೋಣೆಗಳಲ್ಲೇ ಹೊಲಿಯುತ್ತಾರೆ.

ಅದಕ್ಕೇ ಅವಳು ಬಿಸಿಲನ್ನು ಹಿಂದಕ್ಕೆ ತಳ್ಳುವ ಈ ಬಿಳಿ ಬಣ್ಣವನ್ನು ತಂದಿದ್ದಳು. ಕೆಳಗಿನ ಕೋಣೆ ತಂಪಾಯಿತೆಂದು ಡಬ್ಬಿ ಹೇಳಿದರೆ ವಾರ್ಡಿನವರು ಪೋಳಿನ ಎಲ್ಲ ತಾರಸಿಗೂ ಬಣ್ಣ ಬಳಿಸಿಕೊಡುತ್ತಾರೆ. ಇಲ್ಲದಿದ್ದರೆ... ಆ 'ಇಲ್ಲದಿದ್ದರೆ'ಯನ್ನು ನೆನೆದರೇ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೌಲಿಕ್ ಆ ಕೋಣೆಯ ಸೂರಿಗೊಂದು, ಹೋಲಿಸಿ ನೋಡಲು ಪಕ್ಕದ ಮನೆಗೊಂದು ಡಬ್ಬಿ ಹಚ್ಚಿದ. ಆಮೇಲೆ ಅದನ್ನು ನೋಡುವ ನೆಪದಲ್ಲಿ ಸಂಜೆಸಂಜೆ ಬರತೊಡಗಿದ. ಡಬ್ಬಿಯ ಲೆಕ್ಕ ಅವನ ಫೋನಿಗೇ ಬರುತ್ತಿತ್ತು ಎಂಬುದು ಫೋಯಿಗೂ ಗೊತ್ತಿತ್ತು. ಅವಳು ಸುಮ್ಮನೆ ಚಹಾ ಮಾಡಿ, ಜೊತೆಗೆ ಗರಿಗರಿ ಖಾಖರಾ ರೊಟ್ಟಿ ಇಡುತ್ತಿದ್ದಳು.

"ನಿಮ್ಮ ಕೋಣೆ ತಂಪಾಗ್ತಿದೆ ಝಂಖನಾಬೇನ್! ನೋಡಿ!"

"ಹೇಳಿದ್ನಲ್ಲ ಮೌಲಿಕ್‌ಭಾಯ್!"

"ಒಂದು ಮಾತು... ಆ 'ಭಾಯ್' ಬಿಡ್ತೀರಾ?"

"ಯಾಕೆ?"

"ಏನಿಲ್ಲ... ಸೆಕೆ ಆಗುತ್ತೆ."

ಅವಳು ಸರಕ್ಕನೆ ಮುಖ ತಿರುಗಿಸಿದಳು. ಕಿವಿ ಕೆಂಪಾಗಿತ್ತು. *ಅಯ್ಯೋ, ಇದೇನಾಗ್ತಿದೆ ನನಗೆ?* ಮರುದಿನ ಅವಳ ಬಾಯಿಂದ ಬರೀ 'ಮೌಲಿಕ್' ಎಂದು ಬಂದಾಗ, ಅವನ ಕೈಯಲ್ಲಿದ್ದ ಚಹಾ ತುಳುಕಿತು.

ಆದರೆ ವೈಶಾಖದ ಬಿಸಿಲು ಏರಿದಂತೆ ಮೌಲಿಕ್‌ನ ಮಾತು ಕಡಿಮೆಯಾಯಿತು. ಫೋನು ನೋಡುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ, ಏನೂ ಹೇಳದೆ ಎದ್ದು ಹೋಗುತ್ತಾನೆ. ಕೇಳಿದರೆ, "ಇನ್ನೂ ಸ್ವಲ್ಪ ನೋಡ್ತೀನಿ, ಇರಿ..."

ವಾರ್ಡಿನ ಸಭೆಯ ದಿನ ಬಂತು. ಅಲ್ಲಿನ ಸಾಹೇಬರು ಡಬ್ಬಿಯ ಲೆಕ್ಕ ಕೇಳಿದರು. ಮೌಲಿಕ್ ಎದ್ದು ನಿಂತು, ಅವಳ ಕಡೆ ನೋಡದೆ ಓದಿದ.

"ಮೊದಮೊದಲು ಕೋಣೆ ತಂಪಾಗಿತ್ತು ಸಾಹೇಬ್. ಈಗ... ಬಣ್ಣ ಬಳಿಯದ ಪಕ್ಕದ ಮನೆಗಿಂತ ಬಿಸಿಯಾಗಿದೆ. ಕಾರಣ ಗೊತ್ತಾಗಿಲ್ಲ. ನನಗೆ ಇನ್ನೊಂದಿಷ್ಟು ಕಾಲ ಬೇಕು."

ಕೊನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. 'ಬಿಸಿಯಾಗಿದೆ' ಎನ್ನುವಲ್ಲಿಗೇ ಅವಳು ಎದ್ದು ಬಾಗಿಲ ಕಡೆ ನಡೆದಿದ್ದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಭಾನುಫೋಯಿ ಯಾಕೋ ಸೆರಗು ಮುಖಕ್ಕೆಳೆದುಕೊಂಡಳು.

ಹೊರಗೆ ಅವನು ಹಿಂದೆಯೇ ಓಡಿಬಂದ. "ಝಂಖನಾ, ಒಂದ್ನಿಮಿಷ..."

"ನನಗೆ ಮೊದಲೇ ಯಾಕೆ ಹೇಳಲಿಲ್ಲ? ದಿನಾ ನಮ್ಮ ಮನೆ ಚಹಾ ಕುಡಿದು, ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ್ರಲ್ಲ!"

"ಕಾರಣ ಸಿಕ್ಕ ಮೇಲೆ ಹೇಳೋಣ ಅಂತಿದ್ದೆ... ನಿಮ್ಮ ಮುಖ ಬಾಡೋದು ನೋಡೋಕಾಗ್ತಿರಲಿಲ್ಲ."

"ಈಗ ನೋಡಿದ್ದಾಯ್ತಲ್ಲ? ಹೋಗಿ ಬನ್ನಿ, ಮೌಲಿಕ್‌ಭಾಯ್!"

ಆ 'ಭಾಯ್' ಅವನ ಕೆನ್ನೆಗೆ ಹೊಡೆದಂತಾಯಿತು.

ಆಮೇಲಿನ ದಿನಗಳು ಝಂಖನಾಗೆ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ದಿನಗಳು. ಕಚೇರಿಯಲ್ಲಿ ಗೆರೆ ಎಳೆದರೆ ಗೆರೆ ಸೊಟ್ಟ. ಫೋನು ಸದ್ದಾದರೆ ಹಾರಿ ಹಿಡಿಯುವಳು. ಅವನ ಹೆಸರು ಕಂಡರೆ ಕರೆ ಕತ್ತರಿಸುವಳು. ಕತ್ತರಿಸಿದ ಮೇಲೆ, *ಇನ್ನೊಂದ್ಸಲ ಮಾಡಬಾರದಾ?* ಎಂದು ಫೋನನ್ನೇ ದಿಟ್ಟಿಸುವಳು. ಏನು ಹುಡುಗಿಯೋ!

ಒಂದು ಮಧ್ಯಾಹ್ನ ಇನ್ನು ತಡೆಯಲಾರದೆ ಕಚೇರಿಯಿಂದ ಎದ್ದುಬಂದಳು. *ಆ ಡಬ್ಬಿ ಕಿತ್ತು ಅವನ ಕೈಗೇ ಕೊಟ್ಟು, ಎಲ್ಲ ಮುಗಿಸಿಬಿಡ್ತೀನಿ.*

ಆ ಹೊತ್ತಿನಲ್ಲಿ ಅವಳು ಎಂದೂ ಮನೆಗೆ ಬಂದವಳಲ್ಲ. ಕೋಣೆಯಲ್ಲಿ ಫೋಯಿ ಇರಲಿಲ್ಲ. ಮೇಲೆ ಗಲಗಲ ಸದ್ದು... ಏಣಿ ಹತ್ತಿ ತಲೆ ಹೊರಹಾಕಿದವಳು ಹಾಗೇ ಕಲ್ಲಾದಳು.

ಬಿಳಿ ತಾರಸಿ ಎಲ್ಲಿ? ಅಂಚಿನಿಂದ ಅಂಚಿಗೆ ಕಪ್ಪು ಪ್ಲಾಸ್ಟಿಕ್ ಹಾಳೆ! ಹಾಳೆಯ ತುಂಬ ಬಾಯಿಗೆ ಬಟ್ಟೆ ಕಟ್ಟಿದ ಪಾತ್ರೆಗಳು. ಪೋಳಿನ ಎಲ್ಲ ಮನೆಗಳ ಛುಂದೋ ಉಪ್ಪಿನಕಾಯಿ! ತುರಿದ ಮಾವಿನಕಾಯಿ, ಸಕ್ಕರೆ, ಮೆಣಸಿನಪುಡಿ, ಎಲ್ಲವೂ ಬಿಸಿಲಲ್ಲಿ ಪಾಕವಾಗುತ್ತಿದ್ದವು. ನಡುವೆ ಬೆವರಿ ತೊಯ್ದ ಮೌಲಿಕ್. ಅವನ ಎದುರು ಅಪರಾಧಿಗಳ ಹಾಗೆ ಭಾನುಫೋಯಿ ಮತ್ತು ಅಕ್ಕಪಕ್ಕದ ಹೆಂಗಸರು.

"ಫೋಯಿ! ಏನಿದು?"

"ಬಯ್ಯಬೇಡ ಕಣೇ..." ಫೋಯಿ ತಡವರಿಸಿದಳು. "ಇಡೀ ಪೋಳಿನಲ್ಲಿ ಇಷ್ಟು ಸ್ವಚ್ಛ ತಾರಸಿ ಎಲ್ಲಿದೆ ಹೇಳು? ಎಲ್ರೂ ಕೇಳಿದ್ರು. ಇಲ್ಲ ಅನ್ನೋಕೆ ಆಗುತ್ತಾ? ನೀನು ಬರೋ ಹೊತ್ತಿಗೆ ಎಲ್ಲ ಕೆಳಗಿಳಿಸ್ತಿದ್ವಿ."

"ಈ ಕಪ್ಪು ಹಾಳೆ?"

"ಅರಿಶಿನ, ಮೆಣಸಿನ ಕಲೆ ಆದ್ರೆ ನಿನ್ನ ಬಣ್ಣ ಹಾಳಾಗಲ್ವಾ? ನೀನು ಅಷ್ಟು ಕಷ್ಟಪಟ್ಟು ಬಳಿದಿದ್ದೆ... ಅದಕ್ಕೇ ಪೂರ್ತಿ ಮುಚ್ಚಿದ್ವಿ."

ಕಪ್ಪು ಹಾಳೆ ಬಿಸಿಲನ್ನೆಲ್ಲ ಕುಡಿದು ಸೂರಿಗೆ ಇಳಿಸುತ್ತಿತ್ತು! ಅವಳ ಬಣ್ಣವನ್ನು ಕಾಪಾಡಲು ಹೋಗಿ ಇವರು ಅವಳ ಬಣ್ಣವನ್ನೇ ಸೋಲಿಸಿದ್ದರು. ಝಂಖನಾಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು. ಅವಳು ಫೋಯಿಯನ್ನು ಅಪ್ಪಿಕೊಂಡು ಎರಡನ್ನೂ ಒಟ್ಟಿಗೇ ಮಾಡಿದಳು.

ಆಮೇಲೆ ಮೌಲಿಕ್‌ನತ್ತ ತಿರುಗಿದಳು. "ಈ ಉರಿಬಿಸಿಲಲ್ಲಿ ನೀವು ಯಾಕೆ ಬಂದ್ರಿ?"

"ಬಿಸಿ ಏರೋದು ಮಧ್ಯಾಹ್ನ. ಹಾಗಾಗಿ ಮಧ್ಯಾಹ್ನವೇ ಬಂದು ನೋಡಬೇಕು ಅನ್ನಿಸ್ತು. ನೀವು ಫೋನ್ ತೆಗೀಲಿಲ್ಲ."

"ಸಭೆಯಲ್ಲಿ ನನಗೋಸ್ಕರ ಒಂದು ಸುಳ್ಳು ಹೇಳಬಹುದಿತ್ತಲ್ಲ..."

"ಹೇಳಿದ್ರೆ ಅವತ್ತು ಎಲ್ಲ ಚೆಂದ ಆಗ್ತಿತ್ತು. ಫೋಯಿ ಮಾತ್ರ ಈ ಬೇಸಿಗೆಯಲ್ಲೂ ಬೀಳ್ತಿದ್ರು." ಅವನ ದನಿ ಮೆತ್ತಗಾಯಿತು. "ನಿಮ್ಮ ತಾರಸಿ ಸೋಲಲ್ಲ ಅಂತ ನಂಬಿದ್ದೆ, ಝಂಖನಾ. ಅದಕ್ಕೇ ಸುಳ್ಳು ಬೇಕಾಗಲಿಲ್ಲ."

*ನಾನೆಷ್ಟು ಅಂದುಬಿಟ್ಟೆ ಇವನಿಗೆ!* ತಲೆ ತಗ್ಗಿಸಿ, ಹಾಳೆಯ ಒಂದು ಅಂಚು ಹಿಡಿದಳು. ಅವನು ಇನ್ನೊಂದು ಅಂಚು ಹಿಡಿದ. ಪಾತ್ರೆಗಳು ಕೈಯಿಂದ ಕೈಗೆ ದಾಟಿ ಪಕ್ಕದ ತಾರಸಿ ಸೇರಿದವು.

ಒಂದು ವಾರ ಕಳೆದ ಮೇಲೆ ಮೌಲಿಕ್ ಸಾಹೇಬರನ್ನೇ ಕರೆತಂದ. ಅದೂ ನಡುಮಧ್ಯಾಹ್ನ, ಫ್ಯಾನ್ ಹಾಕದ ಆ ಕೋಣೆಗೆ. ಡಬ್ಬಿಯ ಲೆಕ್ಕ ನೋಡಿ, ಫೋಯಿ ಕೊಟ್ಟ ಮಜ್ಜಿಗೆ ಕುಡಿದು, ಎರಡು ಮಾತಾಡುವಷ್ಟರಲ್ಲಿ ಸಾಹೇಬರು ಕೂತಲ್ಲೇ ತೂಕಡಿಸಿಬಿಟ್ಟರು! ಎದ್ದವರೇ ನಾಚಿಕೊಂಡು, "ಎಲ್ಲ ತಾರಸಿಗೂ ಬಳಿಸಿಬಿಡೋಣ ಬೇನ್" ಎಂದರು.

ಸಂಜೆ ತಾರಸಿಯಲ್ಲಿ ಅವರಿಬ್ಬರೇ. ಬರಿಗಾಲಿಗೆ ನೆಲ ಹಿತವಾಗಿತ್ತು. ಮೌಲಿಕ್ ಒಂದು ಮೂಲೆಯಲ್ಲಿ ಬಗ್ಗಿದ. ಮೊದಲ ದಿನದ ಅವನ ಬೂಟಿನ ಗುರುತುಗಳು ಹಾಗೇ ಇದ್ದವು.

"ಮತ್ತೊಂದು ಸುತ್ತು ಬಣ್ಣ ಬಳಿದ್ರಲ್ಲ, ಇಲ್ಲಿ ಮಾತ್ರ ಯಾಕೆ ಬಿಟ್ರಿ?"

"ಬಣ್ಣ ಸಾಲಲಿಲ್ಲ."

"ನಿಜವಾಗ್ಲೂ?"

ಅವಳು ಅವನ ಕೈಬೆರಳು ಹಿಡಿದುಕೊಂಡಳು.

"ಸುಳ್ಳು. ಅಳಿಸೋಕೆ ಮನಸ್ಸು ಬರಲಿಲ್ಲ... ಮೌಲಿಕ್."