ಅವ್ವನ ಹೆಪ್ಪು

"ಕೊಡಡಿ ಓಚ್ಚಿ! ಸಾವಾದ ಮನೇಲಿ ಹಳೇ ಮಡಿಕೆ ಇರಬಾರ್ದು."

ಕಮಲಮ್ಮಾಳ್ ಅತ್ತೆ ಕೈ ಚಾಚಿ ನಿಂತಿದ್ದಳು. ಅನ್ನದ ಮಡಿಕೆ, ಸಾರಿನ ಮಡಿಕೆ ಆಗಲೇ ಬೀದಿಯಲ್ಲಿ ಚೂರಾಗಿದ್ದವು. ಓಚ್ಚಮ್ಮಾಳ್ ಮೊಸರಿನ ಮಡಿಕೆಯನ್ನು ಅವುಚಿಕೊಂಡು ಮೂಲೆಯಲ್ಲಿ ಕೂತಿದ್ದಳು.

"ಇದ್ರಲ್ಲಿ ಅವ್ವ ಹೆಪ್ಪು ಹಾಕಿದ ಮೊಸರು ಅದೆ, ಅತ್ತೆ."

"ಅದಕ್ಕೇ ಕೊಡು ಅಂತಿರೋದು."

ಅಪ್ಪ ಬೆಟ್ಟದ ಮೇಲೆ ಅಣೆ ಕಟ್ಟುವಲ್ಲಿಗೆ ಸುಣ್ಣದ ಬಂಡಿ ಹೊಡೆಯುತ್ತಿದ್ದ. ಅಲ್ಲಿಯ ಜ್ವರ ಅವನ ಜೊತೆಯಲ್ಲೇ ತಪ್ಪಲಿನ ಕಂಬ ಊರಿಗೆ ಇಳಿದು ಬಂತು. ಅಪ್ಪ ಎದ್ದ. ಅವ್ವ ಏಳಲಿಲ್ಲ.

ಮದುವೆಯಾಗಿ ಬೋಡಿ ಊರಿಂದ ಬರುವಾಗ ಅವ್ವ ತವರಿನ ಹೆಪ್ಪನ್ನು ಗಿಂಡಿಯಲ್ಲಿ ತಂದಿದ್ದಳು. ನಿನ್ನೆಯ ಮೊಸರಿನ ತೊಟ್ಟು ಇಂದಿನ ಹಾಲಿಗೆ. ಒಂದು ಸಂಜೆಯೂ ತಪ್ಪಿಸಿದವಳಲ್ಲ.

ಅಷ್ಟರಲ್ಲಿ ವೀರಮ್ಮಾಳ್ ಅಜ್ಜಿ ಕೂಸನ್ನು ಎತ್ತಿಕೊಂಡು ಬಂದಳು. "ಮಡಿಕೆ ಒಡಿ ಕಮಲಾ. ಮೊಸರು ಮಾತ್ರ ಚೆಲ್ಲಬೇಡ."

ಓಚ್ಚಿಯ ತಮ್ಮ, ಕೂಸು ಚಿನ್ನತಂಬಿಗೆ ಭೇದಿ ಹತ್ತಿತ್ತು. ಅವನ ಅಳು ಬೆಕ್ಕಿನ ಮರಿಯಷ್ಟಾಗಿತ್ತು. ಅಜ್ಜಿ ಮೊಸರನ್ನೆಲ್ಲ ಕರಟಕ್ಕೆ ಬಗ್ಗಿಸಿ, ನೀರು ಬೆರೆಸಿ, ಬೆರಳಲ್ಲಿ ಅವನಿಗೆ ನೆಕ್ಕಿಸತೊಡಗಿದಳು.

"ಹೆಪ್ಪಿಗೆ ಒಂದು ತೊಟ್ಟು ಇಡಜ್ಜೀ!"

"ಸೂತಕದ ಹೆಪ್ಪು ಹೊಸ ಮಡಿಕೆಗೆ ಆಗದು, ಕಣ್ಣೂ."

ಹೊರಗೆ ಮಡಿಕೆ ಒಡೆದ ಸದ್ದಾಯಿತು.

"ಹಂಗಾದ್ರೆ ಅವ್ವನ ಮೊಸರು ಮುಗೀತು," ಎಂದಳು ಓಚ್ಚಿ.

"ಇವನ ಹೊಟ್ಟೇಲಿ ಅದೆಯಲ್ಲ."

"ಹೆಪ್ಪು ಅಲ್ಲಿ ಸಾಯಲ್ವಾ?"

"ಹೊಟ್ಟೇಲಿ ಉರಿ ಅದೆ. ಬಹಳಷ್ಟು ಸಾಯ್ತದೆ. ಒಂದಿಷ್ಟು ಉಳಿದ್ರೆ ಇವನೂ ಉಳೀತಾನೆ."

"ಉಳೀತು ಅಂತ ಹೆಂಗೆ ಗೊತ್ತಾಗೋದು?"

ಅಜ್ಜಿ ಕೂಸಿನ ಕೊಳೆಬಟ್ಟೆ ತೋರಿಸಿದಳು. "ಇದು ಹೇಳ್ತದೆ. ಕೊಳೆತ ನಾತ ಬಂದ್ರೆ ಇಲ್ಲ. ಮೊಸರಿನ ಹುಳಿ ಬಂದ್ರೆ ಅದೆ. ಗೋಪಾಲಾ, ನೀನೇ ಕಾಯಪ್ಪಾ."

ಮಾರನೆಯ ಬೆಳಿಗ್ಗೆ ಓಚ್ಚಿ ಬಟ್ಟೆಯನ್ನು ಕೋಲಿಗೆ ಸಿಕ್ಕಿಸಿಕೊಂಡು ಕಾಲುವೆಗೆ ಹೋದಳು. ಉಸಿರು ಬಿಗಿಹಿಡಿದರೂ ಕೊಳೆತ ನಾತ ಮೂಗಿಗೆ ಹೊಡೆಯಿತು.

"ಓಚ್ಚೀ, ಮಲ್ಲಿಗೆ ಮಾರಕ್ಕೆ ಬಂದ್ಯಾ?" ಎಂದು ಓರಗೆಯ ಪಾಪಮ್ಮಾಳ್ ಮೂಗು ಹಿಡಿದಳು. ಜೊತೆಯ ಹುಡುಗಿಯರು ನಕ್ಕರು.

ಮನೆಯಲ್ಲಿ ಅಜ್ಜಿ ಓಚ್ಚಿಯ ಮುಖ ನೋಡಿ, ಕೂಸಿನ ತುಟಿಗೆ ಗಂಜಿನೀರು ಒರೆಸಿದಳು. ಆ ದಿನವೆಲ್ಲ ಕೂಸು ಕಣ್ಣು ತೆರೆಯಲೇ ಇಲ್ಲ.

ಮರುದಿನವೂ ಅದೇ ನಾತ. ಅತ್ತೆ ಬಾಗಿಲಾಚೆ ನಿಂತು, "ಗುಂಡಿ ತೋಡಕ್ಕೆ ಹೇಳ್ಬೇಕಾಗ್ತದೇನೋ," ಎಂದು ಅಪ್ಪನಿಗೆ ಪಿಸುಗುಟ್ಟಿದಳು. ಅಪ್ಪ ಗೋಡೆ ಕಡೆ ತಿರುಗಿದ.

ಅದರ ಮರುದಿನ ಓಚ್ಚಿ ಕಾಲುವೆಯ ಕಲ್ಲಿನ ಮೇಲೆ ಕೂಸಿನ ಬಟ್ಟೆ ಬಿಡಿಸಿದಳು. ಎಂದಿನಂತೆ ಉಸಿರು ಬಿಗಿಹಿಡಿದಿದ್ದಳು. ಆದರೂ ಏನೋ ಮೂಗಿಗೆ ತಾಕಿತು. ಕೋಲು ಬಿಟ್ಟು ಬಗ್ಗಿದಳು.

ಹುಳಿ. ಬೆಳಿಗ್ಗೆ ಮಜ್ಜಿಗೆ ಕಡೆದು ಎಬ್ಬಿಸಲು ಬರುತ್ತಿದ್ದ ಅವ್ವನ ಸೆರಗಿನ ಹುಳಿ.

"ಥೂ! ಮೂಸ್ತಾ ಅವ್ಳೆ ನೋಡ್ರೇ!" ಪಾಪಮ್ಮಾಳ್ ಕಿರುಚಿದಳು.

ಓಚ್ಚಿ ತಿರುಗಿ ನೋಡಲಿಲ್ಲ. ಬಟ್ಟೆಯನ್ನು ನೀರಿಗೆ ಹಾಕಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಮನೆಗೆ ಬಂದಾಗ ಅತ್ತೆ ಹೊಸ ಮಡಿಕೆಗೆ ಪಕ್ಕದ ಮನೆಯ ಹೆಪ್ಪು ಹಾಕುತ್ತಿದ್ದಳು. ಓಚ್ಚಿ ಅದನ್ನು ದಾಟಿ ಹೋಗಿ, ಮಲಗಿದ್ದ ತಮ್ಮನ ಪಕ್ಕ ಕೂತಳು. ಅವನ ಪುಟ್ಟ ಹೊಟ್ಟೆಯ ಮೇಲೆ ಮೆಲ್ಲಗೆ ಕಿವಿಯಿಟ್ಟಳು.

ಒಳಗೆ ಗುಳುಗುಳು ಸದ್ದು.

ಕಣ್ಣು ಮುಚ್ಚಿ ಕೇಳುತ್ತಲೇ ಇದ್ದಳು.